ಹಾಡು, ತಾಳ ಮತ್ತು ಇಂಗ್ಲಿಷಿನ ಉಚ್ಚಾರಣೆ

ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆದವೆಂದರೆ, ಕನ್ನಡನಾಡಿನ ಯಾವ ಊರಿನ ಪ್ರಾಥಮಿಕ ಶಾಲೆಯ ಮುಂದೆ ಹಾದುಹೋದರೂ ಇಂಗ್ಲಿಷಿನ ಹಾಡೊಂದು ಕಿವಿಗೆ ಬೀಳದೆ ಇರದು. ಹಿಂದೆ ಇದು ಪಟ್ಟಣದ ಕಾನ್ವೆಂಟುಗಳ ಸೊತ್ತಾಗಿತ್ತು. 2007-08ರ ಶಾಲಾ ವರ್ಷದಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ ಮೇಲೆ, ಹಳ್ಳಿಯ ಮಕ್ಕಳ ಬಾಯಲ್ಲಿಯೂ ಈ ಹಾಡುಗಳು ನೆಲೆಗೊಂಡಿವೆ. ಅದಕ್ಕೆ ಮೊದಲೇ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯು ಆಟಪಾಟಗಳಿಗೆ ತರಗತಿಯೊಳಗೆ ಮರ್ಯಾದೆಯ ಸ್ಥಾನವನ್ನು ತಂದುಕೊಟ್ಟಿತ್ತಾದ್ದರಿಂದ, ಹಾಡಿ ಕಲಿಸುವುದೆಂದರೆ ನಮ್ಮ ಉಪಾಧ್ಯಾಯಿನಿಯರಿಗೆ ಈಗ ಸಂಕೋಚವೂ ಇಲ್ಲ, ಮೇಲಧಿಕಾರಿಗಳ ಭಯವೂ ಇಲ್ಲ. ಇದು ಸಂತೋಷದ ಮಾತು.

ಆದರೆ ಈ ಹಾಡುಗಳಿಂದ ಮಕ್ಕಳಿಗೆ ಆಗುತ್ತಿರುವ ಲಾಭವೇನು ಎಂದು ಒಮ್ಮೆ ನಿಂತು ಕೇಳಬೇಕಾಗಿದೆ. ಮಕ್ಕಳು ನಲಿಯುತ್ತಾರೆ, ನಿಜ. ಶಾಲೆಯ ವಾರ್ಷಿಕೋತ್ಸವದಲ್ಲಿ ತಂದೆತಾಯಿಗಳು ಹಿಗ್ಗುತ್ತಾರೆ, ಅದೂ ನಿಜ. ಹಾಡಿದರೆ ಉಚ್ಚಾರಣೆ ತಾನಾಗಿಯೇ ತಿದ್ದಿಕೊಳ್ಳುತ್ತದೆ ಎಂಬ ನಂಬಿಕೆಯೊಂದು ಮಾತ್ರ ಎಲ್ಲೆಡೆಯೂ ಬೇರೂರಿದೆ; ಅದು ಅರ್ಧ ನಿಜ. ಉಳಿದರ್ಧವನ್ನು ಗಮನಿಸದೆ ಹೋದರೆ ಐದು ವರ್ಷ ಹಾಡಿದ ಮಗುವೂ ಇಂಗ್ಲಿಷನ್ನು ಕನ್ನಡದ ನಡೆಯಲ್ಲಿಯೇ ನಡೆಸುತ್ತದೆ.

ನಡೆ ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಕನ್ನಡಿಗರ ಇಂಗ್ಲಿಷಿನ ದೋಷವೆಂದರೆ ಸಾಮಾನ್ಯವಾಗಿ ಜನರು ಬಿಡಿ ಅಕ್ಷರಗಳ ಲೆಕ್ಕ ಹಾಕುತ್ತಾರೆ. ‘ಎಗ್’ ಎನ್ನುವಲ್ಲಿ ‘ಯೆಗ್ಗು’ ಎನ್ನುತ್ತಾನೆ, ‘ಸ್ಕೂಲ್’ ಎನ್ನುವಲ್ಲಿ ‘ಇಸ್ಕೂಲು’ ಎನ್ನುತ್ತಾನೆ ಎಂದು ನಗುತ್ತಾರೆ. ಇವು ಮೇಲೆ ಕಾಣುವ ಗಾಯಗಳು. ಒಳಗಿನ ನೋವು ಬೇರೆ ಇದೆ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ತನ್ನ ಪಾಲು ಸಲ್ಲುತ್ತದೆ; ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಯಾವ ಅಕ್ಷರವೂ ನೆರೆಯ ಅಕ್ಷರಕ್ಕಾಗಿ ತನ್ನ ಸ್ವರವನ್ನು ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನ ನ್ಯಾಯವೇ ಬೇರೆ. ಅಲ್ಲಿ ಪದದೊಳಗಿನ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಅದು ಮಾತ್ರ ಪೂರ್ಣವಾಗಿ ಬೆಳಗುತ್ತದೆ. ಉಳಿದವು ಮಂಕಾಗಿ, ಕುಗ್ಗಿ, ಕೆಲವು ವೇಳೆ ಇಲ್ಲವೇ ಇಲ್ಲವೆನ್ನುವಷ್ಟು ಸಣ್ಣಗಾಗಿ ಅದರ ಹಿಂದೆಮುಂದೆ ಓಡುತ್ತವೆ. ಬಾಳೆಯ ಹಣ್ಣಿಗೆ ಅವರಿಟ್ಟ ಹೆಸರನ್ನೇ ನೋಡಿ. ನಮ್ಮ ಮಗು ‘ಬನಾನಾ’ ಎಂದು ಮೂರಕ್ಷರಗಳನ್ನೂ ಧಾರಾಳವಾಗಿ ಹೇಳುತ್ತದೆ. ಇಂಗ್ಲಿಷರ ಬಾಯಲ್ಲಿ ನಡುವಿನ ‘ನಾ’ ಒಂದೇ ನಿಜವಾದ ಸ್ವರವುಳ್ಳದ್ದು. ಹಿಂದಿನ ‘ಬ’ವೂ ಮುಂದಿನ ‘ನ’ವೂ ಬರಿಯ ನೆರಳು. ‘ಹೋಟೆಲ್’ ಎಂಬಲ್ಲಿ ನಾವು ಮೊದಲನೆಯ ಅಕ್ಷರವನ್ನು ಎತ್ತಿ ಹಿಡಿಯುತ್ತೇವೆ, ಅವರು ಎರಡನೆಯದನ್ನು. ‘ರೆಕಾರ್ಡ್’ ಎಂಬ ಒಂದೇ ಬರಹದ ಪದವು ಒತ್ತು ಮೊದಲಿಗೆ ಬಿದ್ದರೆ ವಸ್ತುವಿನ ಹೆಸರು, ಕೊನೆಗೆ ಬಿದ್ದರೆ ಕ್ರಿಯಾಪದ. ‘ಫೋಟೊಗ್ರಾಫ್’ ಎಂಬಲ್ಲಿ ಮೊದಲ ಅಕ್ಷರದ ಮೇಲಿದ್ದ ಒತ್ತು, ಚಿತ್ರ ತೆಗೆಯುವವನನ್ನು ಹೆಸರಿಸುವಾಗ ಎರಡನೆಯದಕ್ಕೆ ಜಾರಿಕೊಳ್ಳುತ್ತದೆ. ಸ್ವರಗಳೂ ಅದರ ಜೊತೆಗೆ ಬಣ್ಣ ಬದಲಿಸುತ್ತವೆ.

ಈ ಭೇದವನ್ನು ಭಾಷಾವಿಜ್ಞಾನಿಗಳು ಬಹುಕಾಲದಿಂದ ಚರ್ಚಿಸಿದ್ದಾರೆ. ಅಮೆರಿಕದ ಕೆನೆತ್ ಪೈಕ್ 1945ರಲ್ಲಿ ಒತ್ತಿನಿಂದ ಕಾಲ ಅಳೆಯುವ ಭಾಷೆಗಳೆಂದೂ ಅಕ್ಷರದಿಂದ ಅಳೆಯುವ ಭಾಷೆಗಳೆಂದೂ ಎರಡು ಹೆಸರುಗಳನ್ನು ಕೊಟ್ಟರು. ಒತ್ತುಗಳ ನಡುವಣ ಅಂತರವು ಗಡಿಯಾರ ಹಿಡಿದಷ್ಟು ಸಮವಾಗಿಲ್ಲವೆಂದು ಮುಂದೆ ಯಂತ್ರಗಳಿಂದ ಅಳೆದವರು ತೋರಿಸಿದ್ದುಂಟು. ಆದರೂ ಕೇಳುವ ಕಿವಿ ಒತ್ತುಗಳನ್ನೇ ಹಿಡಿದುಕೊಂಡು ಮಾತನ್ನು ಅರ್ಥಮಾಡಿಕೊಳ್ಳುತ್ತದೆಂಬುದು ಸುಳ್ಳಾಗಲಿಲ್ಲ. 1969ರಲ್ಲಿ ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಿಂದ ಪ್ರಕಟವಾದ ಆರ್. ಕೆ. ಬನ್ಸಲ್ ಅವರ ಅಧ್ಯಯನವು ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಲ್ಲೆಲ್ಲಿ ಅರ್ಥವಾಗದೆ ಹೋಗುತ್ತದೆಂದು ಪರಿಶೀಲಿಸಿತು. ಒತ್ತು ತಪ್ಪಿದ ಪದವೇ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಆ ಗ್ರಂಥ ಹೊರಬಂದು ಅರ್ಧ ಶತಮಾನ ಕಳೆದರೂ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಒತ್ತಿನ ಮಾತೆತ್ತುವವರು ವಿರಳ.

ಹಾಡಿನ ಉಪಯೋಗ ಇರುವುದು ಇಲ್ಲಿಯೇ. ಒತ್ತೆಂದರೇನೆಂದು ಆರು ವರ್ಷದ ಮಗುವಿಗೆ ವ್ಯಾಕರಣದಿಂದ ತಿಳಿಸುವುದು ಸಾಧ್ಯವಿಲ್ಲ. ತಿಳಿಸಬೇಕಾದ ಅಗತ್ಯವೂ ಇಲ್ಲ. ಅದರ ಅಂಗೈಗೆ ಈ ವಿದ್ಯೆ ಹುಟ್ಟಿನಿಂದ ಬಂದಿದೆ. ಭಜನೆಯ ಮನೆಯಲ್ಲಿ, ಕೋಲಾಟದಲ್ಲಿ, ಸಂಗೀತ ಕಲಿಯುವ ಅಕ್ಕನ ಸರಳೆ ವರಸೆಯಲ್ಲಿ ತಾಳ ಎಲ್ಲಿ ಬೀಳಬೇಕೆಂಬುದನ್ನು ಅದು ಕಂಡಿದೆ. ಉಪಾಧ್ಯಾಯಿನಿ ‘ಡಾಗ್ಸ್ ಚೇಸ್ ಕ್ಯಾಟ್ಸ್’ ಎಂದು ಮೂರು ಸಲ ಚಪ್ಪಾಳೆ ತಟ್ಟಿ ಹೇಳಲಿ. ಮೂರಕ್ಷರಕ್ಕೆ ಮೂರು ಚಪ್ಪಾಳೆ. ಅನಂತರ ‘ದ ಡಾಗ್ಸ್ ಆರ್ ಚೇಸಿಂಗ್ ದ ಕ್ಯಾಟ್ಸ್’ ಎಂದು ಹೇಳುವಾಗಲೂ ಮೂರೇ ಚಪ್ಪಾಳೆ, ಅದೇ ಅಂತರದಲ್ಲಿ. ಈಗ ಅಕ್ಷರಗಳು ಏಳಾದವು. ಕೈ ಮಾತ್ರ ಕಾಯುವುದಿಲ್ಲ. ‘ದ’, ‘ಆರ್’, ‘ಇಂಗ್’ ಎಂಬವು ಬದುಕಬೇಕಾದರೆ ಮುದುರಿಕೊಳ್ಳಲೇಬೇಕು. ಮಗು ತಾನಾಗಿ ಅವನ್ನು ಮುದುರುತ್ತದೆ. ಹೀಗೆ ಮುದುರುವುದೇ ಇಂಗ್ಲಿಷಿನ ನಡೆ. ಯಾವ ಪುಸ್ತಕವೂ ಕಲಿಸಲಾರದ್ದನ್ನು ಎರಡು ಅಂಗೈಗಳು ಕಲಿಸಿದಂತಾಯಿತು.

ಆದ್ದರಿಂದ ಕಲಿಸುವ ಶಕ್ತಿ ಇರುವುದು ತಾಳದಲ್ಲಿ. ರಾಗದಲ್ಲಿ ಅಲ್ಲವೆಂದರೂ ಸಲ್ಲುತ್ತದೆ. ಇದನ್ನು ಮರೆತು ಹಾಡುಗಳನ್ನು ಕೇವಲ ಇಂಪಿಗಾಗಿ ಆರಿಸಿದರೆ ಏನಾಗುತ್ತದೆಂಬುದಕ್ಕೆ ಎಲ್ಲರಿಗೂ ಅಚ್ಚುಮೆಚ್ಚಾದ ನಕ್ಷತ್ರದ ಹಾಡೇ ಸಾಕ್ಷಿ. ‘ಟ್ವಿಂಕಲ್ ಟ್ವಿಂಕಲ್’ ಎಂದು ನಾವು ಕರೆಯುವ ಆ ಪದ್ಯವನ್ನು ಬರೆದವಳು ಜೇನ್ ಟೇಲರ್ ಎಂಬ ಇಂಗ್ಲಿಷ್ ಮಹಿಳೆ, ಅಚ್ಚಾದದ್ದು 1806ರಲ್ಲಿ. ಅದಕ್ಕೆ ಹೊಂದಿಸಿರುವ ಮಟ್ಟು ಫ್ರಾನ್ಸಿನದು, ಪದ್ಯಕ್ಕಿಂತ ಹಳೆಯದು. ಮೊಜಾರ್ಟನು ಅದರ ಮೇಲೆ ಪಿಯಾನೋವಿಗಾಗಿ ಹನ್ನೆರಡು ವಿಸ್ತಾರಗಳನ್ನು ರಚಿಸಿದ್ದಾನೆ. ಮಟ್ಟು ಅಷ್ಟು ಚೆಲುವಾದದ್ದು. ಆದರೆ ಅದರ ಒಂದು ಸಾಲಿನಲ್ಲಿ ಏಳು ಅಕ್ಷರಗಳಿದ್ದರೆ ಮೊದಲ ಆರಕ್ಕೂ ಒಂದೇ ಅಳತೆ, ಏಳನೆಯದಕ್ಕೆ ಇಮ್ಮಡಿ. ಒತ್ತುಳ್ಳ ಅಕ್ಷರಕ್ಕೂ ಒತ್ತಿಲ್ಲದ್ದಕ್ಕೂ ಕಾಲದಲ್ಲಿ ಭೇದವೇ ಇಲ್ಲ. ಪದ್ಯವಾಗಿ ಓದಿದಾಗ ಇದ್ದ ಏರಿಳಿತ ಹಾಡಿದಾಗ ಸಪಾಟಾಗುತ್ತದೆ. ಅಕ್ಷರಕ್ಕೊಂದು ಸಮಪಾಲು ಕೊಡುವುದು ಕನ್ನಡದ ಮಗುವಿಗೆ ಮೊದಲೇ ರೂಢಿಯಾಗಿದ್ದದ್ದರಿಂದ, ಈ ಹಾಡು ತಿದ್ದಬೇಕಾದ ಅಭ್ಯಾಸವನ್ನೇ ಮತ್ತಷ್ಟು ಗಟ್ಟಿಮಾಡುತ್ತದೆ.

ಇಂಗ್ಲಿಷ್ ಅಕ್ಷರಮಾಲೆಯನ್ನು ಹಾಡುವುದೂ ಇದೇ ಮಟ್ಟಿನಲ್ಲಿ. ಅಲ್ಲಿ ಇನ್ನೊಂದು ವಿನೋದ ನಡೆಯುತ್ತದೆ. ಎಲ್, ಎಮ್, ಎನ್, ಓ ಎಂಬ ನಾಲ್ಕನ್ನು ಎರಡು ಅಕ್ಷರಗಳ ಕಾಲದಲ್ಲಿ ತುರುಕಬೇಕಾದುದರಿಂದ ಮಕ್ಕಳು ‘ಎಲ್ಲೆಮ್ಮೆನ್ನೋಪಿ’ ಎಂಬ ಒಂದೇ ಅಕ್ಷರ ಇದೆಯೆಂದು ತಿಳಿದುಕೊಂಡು, ಬಹುಕಾಲ ಅದನ್ನು ಹುಡುಕುತ್ತಿರುತ್ತಾರೆ. ಕೊನೆಯ ಅಕ್ಷರವನ್ನು ಅಮೆರಿಕದವರಂತೆ ‘ಜೀ’ ಎಂದರೆ ಮಾತ್ರ ಅಂತ್ಯಪ್ರಾಸ ಕೂಡುತ್ತದೆ. ನಮ್ಮ ಶಾಲೆಗಳಲ್ಲಿ ರೂಢಿಯಾದ ‘ಜೆಡ್’ ಬಂದರೆ ಹಾಡು ಕುಂಟಿ ನಿಲ್ಲುತ್ತದೆ. ಪಾಪ, ಮಗು ಯಾವುದನ್ನು ನಂಬಬೇಕು?

ಇದಕ್ಕೆ ಪ್ರತಿಯಾಗಿ ‘ಹಂಪ್ಟಿ ಡಂಪ್ಟಿ’ಯನ್ನು ತೆಗೆದುಕೊಳ್ಳಿ. ಅದರ ನಡೆ ಮೂರರದು. ಒತ್ತುಳ್ಳ ಅಕ್ಷರಕ್ಕೆ ಎರಡು ಪಾಲು, ಅದರ ಬೆನ್ನಿಗೆ ಬರುವ ಒತ್ತಿಲ್ಲದ್ದಕ್ಕೆ ಒಂದು ಪಾಲು. ಎಂದರೆ ನಮ್ಮ ಛಂದಸ್ಸಿನ ಮೂರು ಮಾತ್ರೆಯ ಗಣದಲ್ಲಿ ಗುರುವಿನ ಹಿಂದೆ ಲಘು ಬಂದಂತೆ. ಭೋಗ ಷಟ್ಪದಿಯನ್ನು ಬಲ್ಲ ಪಂಡಿತರಿಗೆ ಈ ಕುಣಿತ ಹೊಸದಲ್ಲ. ಇಂಗ್ಲಿಷಿನ ಒತ್ತು ನಮ್ಮ ಗುರುವಲ್ಲ ಎಂಬುದು ಶಾಸ್ತ್ರದ ಮಾತಾದರೂ, ಈ ಹಾಡಿನಲ್ಲಿ ಎರಡೂ ಒಂದೇ ಜಾಗದಲ್ಲಿ ಕೂಡುವುದರಿಂದ ಕನ್ನಡದ ಕಿವಿ ಇಂಗ್ಲಿಷಿನ ಒತ್ತನ್ನು ತನಗೆ ಗೊತ್ತಿರುವ ದಾರಿಯಿಂದಲೇ ಸಮೀಪಿಸುತ್ತದೆ. ಗಡಿಯಾರವನ್ನೇರುವ ಇಲಿಯ ಹಾಡಿನಲ್ಲಿ ಒತ್ತುಳ್ಳ ಅಕ್ಷರದ ಹಿಂದೆ ಒತ್ತಿಲ್ಲದ ಎರಡು ಓಡಿ ಬರುತ್ತವೆ. ಅದು ಇನ್ನೂ ಒಳ್ಳೆಯ ಸಾಧನೆ. ಶಾಲೆಗೆ ಹಾಡು ಆರಿಸುವವರು ಪದ್ಯದ ಅರ್ಥವನ್ನೂ ಚಿತ್ರವನ್ನೂ ನೋಡುವ ಮೊದಲು ಹಾಡಿನ ಹೆಜ್ಜೆಯನ್ನು ನೋಡಬೇಕೆಂದು ನಾವು ಹೇಳುವುದು ಇದಕ್ಕಾಗಿ.

ಕನ್ನಡದ ಇನ್ನೊಂದು ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಹಳಗನ್ನಡದಲ್ಲಿ ಕಣ್, ಮಣ್, ಪಾಲ್ ಎಂದು ವ್ಯಂಜನದಲ್ಲಿ ನಿಲ್ಲುತ್ತಿದ್ದ ಪದಗಳು ಕಾಲಕ್ರಮದಲ್ಲಿ ಉಕಾರವನ್ನು ಸೇರಿಸಿಕೊಂಡು ಕಣ್ಣು, ಮಣ್ಣು, ಹಾಲು ಎಂದಾದುವು. ಬಸ್ ‘ಬಸ್ಸು’ ಆದದ್ದೂ ಬ್ಯಾಂಕ್ ‘ಬ್ಯಾಂಕು’ ಆದದ್ದೂ ಅದೇ ನಿಯಮದಿಂದ. ಕನ್ನಡ ಮಾತನಾಡುವಾಗ ಇದು ತಪ್ಪಲ್ಲ. ಪರಭಾಷೆಯ ಪದವನ್ನು ಮನೆಗೆ ಸೇರಿಸಿಕೊಳ್ಳುವ ಸಂಸ್ಕಾರ. ಇಂಗ್ಲಿಷ್ ಮಾತನಾಡುವಾಗ ಮಾತ್ರ ಈ ಉಕಾರ ಪದಕ್ಕೊಂದು ಹೊಸ ಅಕ್ಷರವನ್ನು ಹುಟ್ಟಿಸಿ ಇಡೀ ವಾಕ್ಯದ ಲಯವನ್ನು ಕೆಡಿಸುತ್ತದೆ. ಹಾಡು ಇದನ್ನು ಚೆನ್ನಾಗಿ ಹೊರದಬ್ಬಬಲ್ಲುದು; ಸಾಲಿನ ನಡುವೆ ಹೆಚ್ಚಿನ ಅಕ್ಷರಕ್ಕೆ ತಾಳದಲ್ಲಿ ಎಡೆಯೇ ಇರುವುದಿಲ್ಲವಷ್ಟೆ. ಆದರೆ ಸಾಲಿನ ಕೊನೆಯಲ್ಲಿ ಹಾಗಲ್ಲ. ಅಲ್ಲಿ ತಾಳಕ್ಕೊಂದು ಬಿಡುವಿರುತ್ತದೆ. ಉಕಾರವು ಆ ಬಿಡುವಿನಲ್ಲಿ ಹೋಗಿ ಹಾಯಾಗಿ ಕುಳಿತುಬಿಡುತ್ತದೆ. ‘ಕ್ಯಾಟ್’ಗೆ ‘ಹ್ಯಾಟ್’ ಪ್ರಾಸವಾಗುವಷ್ಟೇ ಚೆನ್ನಾಗಿ ‘ಕ್ಯಾಟು’ವಿಗೆ ‘ಹ್ಯಾಟು’ ಪ್ರಾಸವಾಗುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಆದುದರಿಂದ ಸಾಲು ಮುಗಿದೊಡನೆ ಬಾಯಿ ಮುಚ್ಚಿ, ಬಿಡುವಿನ ತಾಳವನ್ನು ಕೈಯಿಂದ ಮಾತ್ರ ಹಾಕಿಸುವ ಅಭ್ಯಾಸ ಬೇಕು.

ಪ್ರಾಸದಿಂದ ಬೇರೊಂದು ಲಾಭವಿದೆ. ಇಂಗ್ಲಿಷಿನ ಬರಹವು ಕಣ್ಣಿಗೆ ಮೋಸಮಾಡುತ್ತದೆ. ಪ್ರಾಸ ಕಿವಿಯ ಕೈಹಿಡಿಯುತ್ತದೆ. ‘ಒನ್’ಗೆ ‘ಸನ್’, ‘ಟೂ’ಗೆ ‘ಶೂ’ ಹೊಂದುವುದನ್ನು ಓದಲು ಕಲಿಯುವ ಮೊದಲೇ ಹಾಡಿಕೊಂಡ ಮಗು ಮುಂದೆ ಕಾಗುಣಿತದ ಗೊಂದಲಕ್ಕೆ ಅಷ್ಟಾಗಿ ಹೆದರುವುದಿಲ್ಲ. ಹಳೆಯ ಹಾಡುಗಳಲ್ಲಿ ಎಚ್ಚರವೂ ಬೇಕು. ಬೆಟ್ಟವೇರಿ ನೀರಿಗೆ ಹೋದ ಜ್ಯಾಕ್ ಮತ್ತು ಜಿಲ್ ಎಂಬ ಮಕ್ಕಳ ಹಾಡಿನಲ್ಲಿ ‘ವಾಟರ್’ಗೂ ‘ಆಫ್ಟರ್’ಗೂ ಪ್ರಾಸವೆಂಬಂತೆ ಜೋಡಿಸಿದ್ದಾರೆ; ಇಂದಿನ ಉಚ್ಚಾರಣೆಯಲ್ಲಿ ಅವು ಪ್ರಾಸವಲ್ಲ. ಪ್ರಾಸದ ಆಸೆಗೆ ಎರಡನ್ನೂ ಒಂದೇ ಸ್ವರದಲ್ಲಿ ಹಾಡಿಸಿದರೆ ಎರಡರಲ್ಲೊಂದು ಕೆಡುವುದು ಖಂಡಿತ.

ಇನ್ನು ಬಿಡಿ ಧ್ವನಿಗಳ ಮಾತು. ಇಲ್ಲಿ ಹಾಡಿನಿಂದ ಹೆಚ್ಚು ನಿರೀಕ್ಷಿಸಬಾರದು. ಈಕ್ವೆಡಾರ್ ದೇಶದ ಶಾಲಾ ಮಕ್ಕಳಿಗೆ ಇಂಗ್ಲಿಷಿನ ಒಂದೇ ಪಾಠವನ್ನು ಕೆಲವರಿಗೆ ಹಾಡಾಗಿಯೂ ಕೆಲವರಿಗೆ ಪದ್ಯದ ಮಾತಾಗಿಯೂ ಎರಡು ವಾರ ಕಲಿಸಿ, ಫಲವನ್ನು 2015ರಲ್ಲಿ ಪ್ರಕಟಿಸಿದರು. ಹಾಡಿದ ಮಕ್ಕಳು ಸ್ವರಗಳನ್ನು ಹೆಚ್ಚು ಸರಿಯಾಗಿ ಉಚ್ಚರಿಸಿದರು. ಆರು ತಿಂಗಳ ಮೇಲೂ ಪಾಠವನ್ನು ಹೆಚ್ಚಾಗಿ ನೆನಪಿಟ್ಟುಕೊಂಡಿದ್ದರು. ಮೂವತ್ತೆಂಟು ಮಕ್ಕಳ ಸಣ್ಣ ಪ್ರಯೋಗವಿದು. ಆದರೂ ನಂಬತಕ್ಕ ಫಲ. ರಾಗವೆಂದರೆ ಸ್ವರವನ್ನು ಎಳೆಯುವುದು. ಎಳೆದಷ್ಟೂ ಅದರ ಬಣ್ಣ ಕಿವಿಗೆ ನಿಲುಕುತ್ತದೆ. ವ್ಯಂಜನಗಳಿಗೆ ಈ ಸೌಲಭ್ಯವಿಲ್ಲ. ‘ಫ್ಯಾನ್’ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಯನ್ನು ತಾಗಬೇಕು, ‘ಪ್ಯಾನ್’ ಎನ್ನುವಾಗ ಎರಡು ತುಟಿಗಳೂ ಕೂಡಬೇಕು ಎಂಬುದನ್ನು ಹಾಡು ತೋರಿಸಲಾರದು. ಉಪಾಧ್ಯಾಯಿನಿ ತನ್ನ ಬಾಯನ್ನೇ ತೋರಿಸಬೇಕು. ಕನ್ನಡದ ಒಂದೇ ವಕಾರ ಇಂಗ್ಲಿಷಿನ ಎರಡು ಧ್ವನಿಗಳ ಕೆಲಸವನ್ನು ಮಾಡುತ್ತಿದೆ. ಹಾಡಿನಲ್ಲಿಯೂ ಅದೇ ಮಾಡುತ್ತದೆ. ಒಂದು ಧ್ವನಿಯನ್ನು ಬೇಸರವಿಲ್ಲದೆ ಇಪ್ಪತ್ತು ಸಲ ಹೇಳಿಸುವುದು ಹಾಡಿನ ದೊಡ್ಡ ಗುಣ. ತಪ್ಪನ್ನು ಇಪ್ಪತ್ತು ಸಲ ಹೇಳಿಸುವುದೂ ಅದೇ ಗುಣದಿಂದಲೇ.

ಹೀಗಾಗಿ ಪ್ರಶ್ನೆ ಕೊನೆಗೆ ಉಪಾಧ್ಯಾಯರ ಬಳಿಗೆ ಬರುತ್ತದೆ. ಹಳ್ಳಿಯ ಶಾಲೆಯ ಉಪಾಧ್ಯಾಯಿನಿಯರಲ್ಲಿ ಎಷ್ಟೋ ಮಂದಿ ತಾವೇ ಐದನೆಯ ತರಗತಿಯಲ್ಲಿ ಇಂಗ್ಲಿಷಿನ ಮೊದಲಕ್ಷರ ಕಂಡವರು. ಅದೂ ಬರಹದಲ್ಲಿ ಕಂಡವರು, ಕಿವಿಯಲ್ಲಿ ಕೇಳಿದವರಲ್ಲ. ಅವರನ್ನು ದೂರುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂತಹವು ಉಪಾಧ್ಯಾಯರಿಗೆ ಶಿಕ್ಷಣ ಕೊಡುತ್ತಿವೆಯಾದರೂ, ಪ್ರತಿಯೊಂದು ಊರಿನ ಶಾಲೆಗೂ ಅದು ತಲಪುವುದು ಸುಲಭವಲ್ಲ. ಈಗ ಮೊಬೈಲಿನಲ್ಲಿ ಯಾವ ಹಾಡನ್ನಾದರೂ ಕ್ಷಣದಲ್ಲಿ ಕೇಳಿಸಬಹುದು, ಅದನ್ನು ಬಳಸಲಿ. ಆದರೆ ಯಂತ್ರಕ್ಕೆ ಹಾಡಲು ಮಾತ್ರ ಬರುತ್ತದೆ, ಕೇಳಲು ಬಾರದು. ಮೂವತ್ತು ಮಕ್ಕಳು ಒಟ್ಟಿಗೆ ಹಾಡುವಾಗ ಯಾರ ಬಾಯಲ್ಲಿ ಯಾವ ಧ್ವನಿ ಇದೆಯೆಂದು ಬ್ರಹ್ಮನಿಗೂ ತಿಳಿಯದು. ಒಟ್ಟಾಗಿ ಹಾಡುವುದು ನಾಚಿಕೆಯ ಮಗುವಿಗೆ ಮರೆಯೂ ಹೌದು, ತಪ್ಪಿಗೆ ಮರೆಯೂ ಹೌದು. ಮೊದಲು ಎಲ್ಲರೂ, ಆಮೇಲೆ ಒಂದು ಸಾಲಿನವರು, ಆಮೇಲೆ ಇಬ್ಬಿಬ್ಬರು ಎಂದು ಇಳಿಸುತ್ತ ಬಂದರೆ ನಾಚಿಕೆಯೂ ಉಳಿಯುವುದಿಲ್ಲ, ಕಿವಿಗೂ ಕೆಲಸವಾಗುತ್ತದೆ. ಹಾಡುವ ಮೊದಲು ಪದ್ಯವನ್ನು ರಾಗವಿಲ್ಲದೆ, ತಾಳಕ್ಕೆ ಮಾತ್ರ ಸರಿಯಾಗಿ, ಮಾತಿನಂತೆ ಹೇಳಿಸಬೇಕು. ಹಾಡಿದ ಮೇಲೆ ಇನ್ನೊಮ್ಮೆ ಹಾಗೆಯೇ ಹೇಳಿಸಬೇಕು. ಅದಿಲ್ಲದಿದ್ದರೆ ಹಾಡಿನಲ್ಲಿ ಬಂದ ಉಚ್ಚಾರಣೆ ಹಾಡಿನಲ್ಲಿಯೇ ಉಳಿಯುತ್ತದೆ, ಮಾತಿಗೆ ಇಳಿಯುವುದಿಲ್ಲ.

ಇಷ್ಟೆಲ್ಲ ಶ್ರಮ ಏತಕ್ಕೆ, ನಮ್ಮ ಮಕ್ಕಳು ಲಂಡನ್ನಿನವರಂತೆ ಮಾತನಾಡಬೇಕೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡ. ಧಾರವಾಡದ ಹುಡುಗನ ಇಂಗ್ಲಿಷಿನಲ್ಲಿ ಧಾರವಾಡ ಕೇಳಿಸಲಿ, ಮಂಗಳೂರಿನವಳದರಲ್ಲಿ ಮಂಗಳೂರು ಕೇಳಿಸಲಿ. ನಾಲಗೆಯನ್ನು ಮೇಲಕ್ಕೆ ಮಡಿಸಿ ಹೇಳುವ ನಮ್ಮ ಟಕಾರ ಡಕಾರಗಳಿಂದ ಯಾರಿಗೂ ಅರ್ಥ ಕೆಡುವುದಿಲ್ಲ. ಅವನ್ನು ತಿದ್ದಲು ಹೊರಡುವುದು ವ್ಯರ್ಥ ಆಡಂಬರ. ಅರ್ಥ ಕೆಡುವುದು ಒತ್ತು ಕೆಟ್ಟಾಗ. ಇದರ ಬೆಲೆಯನ್ನು ತೆರುವವರು ಯಾರೆಂಬುದನ್ನು ನೋಡಿ. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಗುವಿಗೆ ಶಾಲೆಯ ಹಾಡು ಬಂದರೂ ಸರಿ, ಬಾರದಿದ್ದರೂ ಸರಿ. ಕೂಲಿಯವನ ಮಗಳಿಗೆ, ಸಣ್ಣ ಹಿಡುವಳಿದಾರನ ಮಗನಿಗೆ ಇಂಗ್ಲಿಷಿನ ಧ್ವನಿ ಕಿವಿಗೆ ಬೀಳುವುದು ಬಹುಮಟ್ಟಿಗೆ ಆ ತರಗತಿಯ ನಲವತ್ತು ನಿಮಿಷಗಳಲ್ಲಿ ಮಾತ್ರ. ಹದಿನೈದು ವರ್ಷಗಳ ಮೇಲೆ ಯಾವುದೋ ಕಚೇರಿಯ ಸಂದರ್ಶನದಲ್ಲಿ ಅವರು ಬಲ್ಲ ವಿಷಯವನ್ನೇ ಹೇಳಿದರೂ, ಎದುರಿಗೆ ಕುಳಿತವರು ‘ಏನೆಂದಿರಿ?’ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಮುಗುಳ್ನಕ್ಕು ಮುಂದಿನವರನ್ನು ಕರೆಯುತ್ತಾರೆ. ಈ ಅನ್ಯಾಯವನ್ನು ಹಾಡು ಒಂದೇ ತಪ್ಪಿಸಲಾರದು. ಆದರೆ ಆರನೆಯ ವಯಸ್ಸಿನಲ್ಲಿ ಸುಲಭವಾಗಿ ಕಿವಿಗೆ ಹತ್ತುವ ಲಯವು ಇಪ್ಪತ್ತನೆಯ ವಯಸ್ಸಿನಲ್ಲಿ ಹಣ ಕೊಟ್ಟರೂ ಕಷ್ಟದಿಂದ ಹತ್ತುತ್ತದೆ.

ನಮ್ಮ ಸಾಹಿತ್ಯಕ್ಕೂ ಇಲ್ಲೊಂದು ಕೆಲಸ ಕಾದಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನವನ್ನು ಹೊರತಂದಾಗ, ಇಂಗ್ಲಿಷ್ ಕವಿತೆಯ ನಡೆಯನ್ನು ಕನ್ನಡದ ಮಾತ್ರಾಗಣಗಳಲ್ಲಿ ಕೂಡಿಸಿ ತೋರಿಸಿದರು. ಅದರಿಂದ ಕನ್ನಡ ಕಾವ್ಯದ ಹೆಜ್ಜೆಯೇ ಬದಲಾಯಿತು. ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದ ಪಂಜೆ ಮಂಗೇಶರಾಯರು, ಅವರ ಅನಂತರ ಜಿ. ಪಿ. ರಾಜರತ್ನಂ, ಕನ್ನಡದ ಮಕ್ಕಳ ನಾಲಗೆಯನ್ನು ಹಾಡಿನಿಂದಲೇ ಹದಗೊಳಿಸಿದರು. ತರೀಕೆರೆಯ ಏರಿಯ ಮೇಲಿನ ಕುರಿಮರಿಗಳ ಮಾತನ್ನು ತೊದಲದೆ ಹೇಳಲು ಹೆಣಗಾಡಿದ ಪ್ರತಿಯೊಬ್ಬರಿಗೂ ನಾಲಗೆಯ ಸಾಧನೆ ಆಟದಿಂದ ಹೇಗೆ ಆಗುತ್ತದೆಂಬುದು ಗೊತ್ತು. ಶ್ರೀಯವರು ನಡೆದ ದಾರಿಯಲ್ಲಿ ಈಗ ಹಿಂದಿರುಗಿ ಬರುವವರು ಬೇಕು: ರಾಗಿ, ಮಳೆ, ಎಮ್ಮೆ, ಜಾತ್ರೆಗಳನ್ನು ಕಂಡ ಮಗುವಿಗಾಗಿ, ಇಂಗ್ಲಿಷಿನ ನಿಜವಾದ ಒತ್ತಿನ ಮೇಲೆ ತಾಳ ಬೀಳುವಂತಹ ಸಣ್ಣ ಇಂಗ್ಲಿಷ್ ಪದ್ಯಗಳನ್ನು ಕಟ್ಟುವವರು. ಅಮೆರಿಕದಲ್ಲಿ ಪರಭಾಷೆಯವರಿಗೆ ಇಂಗ್ಲಿಷ್ ಕಲಿಸುತ್ತಿದ್ದ ಕ್ಯಾರೊಲಿನ್ ಗ್ರಹಾಂ ಎಂಬಾಕೆ, ದಿನಬಳಕೆಯ ಮಾತನ್ನೇ ಜಾಜ್ ಸಂಗೀತದ ತಾಳಕ್ಕೆ ಕೂಡಿಸಿ ‘ಜಾಜ್ ಚಾಂಟ್ಸ್’ ಎಂಬ ಪುಸ್ತಕವನ್ನು 1978ರಲ್ಲಿ ಪ್ರಕಟಿಸಿದಳು. ರಾಗವಿಲ್ಲ, ತಾಳ ಮತ್ತು ಮಾತು ಮಾತ್ರ. ಅದು ಅವರ ಊರಿನ ತಾಳ. ನಮ್ಮಲ್ಲಿ ಡೊಳ್ಳಿದೆ, ತಮಟೆಯಿದೆ, ಕೋಲಾಟದ ಕೋಲಿದೆ.

ಅಂತಹ ಪದ್ಯಗಳು ಬರುವವರೆಗೆ ಪಠ್ಯಪುಸ್ತಕ ಸಿದ್ಧಪಡಿಸುವವರು ಒಂದು ಸಣ್ಣ ಉಪಕಾರ ಮಾಡಬಹುದು. ಮೊದಲ ಮೂರು ತರಗತಿಗಳ ಇಂಗ್ಲಿಷ್ ಪುಸ್ತಕದಲ್ಲಿ ಹಾಡುಗಳನ್ನು ಅಚ್ಚುಮಾಡುವಾಗ, ಚಪ್ಪಾಳೆ ಬೀಳಬೇಕಾದ ಅಕ್ಷರಗಳನ್ನು ದಪ್ಪ ಮೊಳೆಯಲ್ಲಿ ಮುದ್ರಿಸಲಿ. ಉಪಾಧ್ಯಾಯರ ಕೈಪಿಡಿಯಲ್ಲಿ ಅದೇ ಹಾಡನ್ನು ಕನ್ನಡ ಲಿಪಿಯಲ್ಲಿ ಕೊಟ್ಟು, ಮಂಕಾಗಬೇಕಾದ ಅಕ್ಷರಗಳ ಕೆಳಗೆ ಒಂದು ಚುಕ್ಕೆ ಇಡಲಿ. ಇದಕ್ಕೆ ಹೆಚ್ಚಿನ ಹಾಳೆಯೂ ಬೇಡ, ಹೊಸ ಯೋಜನೆಯೂ ಬೇಡ. ಮುಂದಿನ ವರ್ಷದ ಮುದ್ರಣಕ್ಕೆ ಕರಡು ತಿದ್ದುವಾಗಲೇ ಮಾಡಿ ಮುಗಿಸಬಹುದು.